ಗುಂಡಿಗಿಳಿದ ಟ್ಯಾಂಕಿನ ಹಿಂದಾರಿ

ಕೊರೊನಾ ಮುಗಿದ ಮರುವರ್ಷ ನಾನು ಕೊಯಮತ್ತೂರಿನ ಸಣ್ಣ ಗೇಮ್ ಕಂಪನಿಯೊಂದರಲ್ಲಿ ರೂಲ್ಸ್ ಡಿಸೈನರ್ ಆಗಿದ್ದೆ. ಯುದ್ಧತಂತ್ರದ ಆಟಗಳಲ್ಲಿ ಯಾವ ಪಡೆ ಎಷ್ಟು ದೂರ ಚಲಿಸಬೇಕು, ಎಷ್ಟು ಪೆಟ್ಟು ತಾಳಬೇಕು ಎಂದು ನಿಗದಿ ಮಾಡುವುದು ನನ್ನ ಕೆಲಸ. ಬಿಡುಗಡೆಗೆ ಮೂರೇ ವಾರವಿದ್ದಾಗ ನಮ್ಮ ಹೊಸ ಆಟ ಹದಗೆಟ್ಟು ನಿಂತಿತು.

ಕಾರಣ ‘ಡಗ್-ಇನ್’ ನಿಯಮ. ಟ್ಯಾಂಕಿನ ಒಡಲನ್ನು ಗುಂಡಿಗಿಳಿಸಿ, ತೋಪಿರುವ ಟರೆಟ್ ಮಾತ್ರ ಮೇಲೆ ಕಾಣುವಂತೆ ನಿಲ್ಲಿಸಿದರೆ ಅದರ ರಕ್ಷಣೆ ನಾಲ್ಕರಿಂದ ಎಂಟಕ್ಕೇರುತ್ತಿತ್ತು. ಆದರೆ ಅದು ಕದಲುವಂತಿರಲಿಲ್ಲ. ಪರೀಕ್ಷೆಗೆ ಆಡಿದವರೆಲ್ಲ ದಿಬ್ಬದಲ್ಲಿ ಟ್ಯಾಂಕ್ ಹೂತು ಸುಮ್ಮನೆ ಕುಳಿತರು. ಹತ್ತು ಆಟಗಳಲ್ಲಿ ಏಳು ಡ್ರಾ. ಎಂಟನ್ನು ಆರಕ್ಕಿಳಿಸಿದೆ; ಆಗ ಯಾರೂ ಗುಂಡಿಯನ್ನೇ ತೋಡಲಿಲ್ಲ.

ನಮ್ಮ ಕಟ್ಟಡದ ಕಾವಲುಗಾರ ರಂಗಸಾಮಿ ಅವಿನಾಶಿಯ ನೇಕಾರರ ಮನೆಯವರು. ನಮ್ಮಂತೆಯೇ ಮನೆಮಾತು ಕನ್ನಡ. ಸೈನ್ಯದಲ್ಲಿ ಟ್ಯಾಂಕ್ ಡ್ರೈವರ್ ಆಗಿದ್ದು ನಿವೃತ್ತರಾದವರು. ಒಂದು ಮಧ್ಯಾಹ್ನ ಪಾರ್ಸೆಲ್ ಕೊಡಲು ಬಂದವರು ನನ್ನ ಪರದೆ ನೋಡುತ್ತ ನಿಂತರು.

“ಏನ್ಮಾ ಇದು, ಟ್ಯಾಂಕ್ ಹಿಂದ್ಗಡೆ ದಾರೀನೇ ಇಲ್ಲ? ಆಚೆ ಹೆಂಗೆ ಬರ್ತದೆ?”

ಕಾಗದ ಕೊಟ್ಟೆ. ಗುಂಡಿ ಬರೆದು, ಅದರ ಹಿಂದೆ ಒಂದು ಇಳಿಜಾರು ಎಳೆದರು; ಅದೇ ‘ಹಿಂದಾರಿ’. ಎರಡು ಮೂರು ಗುಂಡು ಹಾರಿಸಿ, ಆ ಇಳಿಜಾರಿನಲ್ಲಿ ಹಿಂದೆ ಸರಿದು, ಪಕ್ಕದಲ್ಲಿ ತೋಡಿಟ್ಟ ಇನ್ನೊಂದು ಗುಂಡಿ ಸೇರಬೇಕಂತೆ. ಒಂದೇ ಕಡೆ ಕೂತರೆ ಶತ್ರು ಗುರಿ ಹಿಡಿಯುತ್ತಾನೆ.

ಆಮೇಲೆ ಪೆನ್ನು ಕೆಳಗಿಟ್ಟರು. “ಒಂದ್ಸಲ ಅಭ್ಯಾಸದಲ್ಲಿ ನಾನೇ ಸೋಂಬೇರಿತನ ಮಾಡ್ಬಿಟ್ಟೆಮ್ಮಾ. ಹಿಂದಾರಿ ತೋಡ್ಲಿಲ್ಲ. ಮಳೆ ಬಂದು ಗುಂಡಿ ತುಂಬಿಕೊಳ್ತು. ಟ್ಯಾಂಕ್ ಎಳೀವಾಗ ಜಾರಿ, ನಮ್ಮ ಗನ್ನರ್ ಸೆಲ್ವರಾಜ್ ಕಾಲು ಚಕ್ರದ ಚೈನಿಗೆ ಸಿಕ್ಕೊಳ್ತು. ಕಾಲೇ ಹೋಯ್ತು. ಇಲ್ಲೇ ಮದುಕ್ಕರೈಲಿ ಇದ್ದಾನೆ. ಯಾವ ಮುಖ ಇಟ್ಕೊಂಡು ಹೋಗ್ಲಿ?”

ನಾನು ನೀರು ತಂದುಕೊಟ್ಟೆ.

ಆ ವಾರ ನಿಯಮವನ್ನು ಹೊಸದಾಗಿ ಬರೆದೆ. ರಕ್ಷಣೆ ಮತ್ತೆ ಎಂಟು. ಆದರೆ ಒಂದೇ ಗುಂಡಿಯಿಂದ ಮೂರು ಬಾರಿ ಗುಂಡು ಹಾರಿಸಿದರೆ ಆ ರಕ್ಷಣೆ ಅರ್ಧಕ್ಕಿಳಿಯುತ್ತದೆ. ಇನ್ನೊಂದು ಸರದಿ ವ್ಯಯಿಸಿ ಹಿಂದಾರಿ ತೋಡಿದರೆ ಟ್ಯಾಂಕ್ ತಕ್ಷಣ ಹೊರಬರಬಹುದು. ಟ್ಯಾಂಕ್ ನಾಶವಾದರೂ ಒಳಗಿನವರು ಬದುಕಿ ಮುಂದಿನ ಕದನಕ್ಕೆ ಮರಳುತ್ತಾರೆ. ಈ ಕೊನೆಯ ಸಾಲು ರಂಗಸಾಮಿಯವರು ಕೇಳಿದ್ದಲ್ಲ, ನಾನೇ ಸೇರಿಸಿದ್ದು. ಈ ಸಲ ಹತ್ತರಲ್ಲಿ ಒಂದೇ ಆಟ ಡ್ರಾ ಆಯಿತು.

“ಇದನ್ನ ಟ್ಯಾಂಕಿನವರೇ ಆಡಿ ನೋಡ್ಬೇಕು, ಬನ್ನಿ” ಎಂದು ನೆಪ ಹೇಳಿ, ಭಾನುವಾರ ಉಕ್ಕಡಂ ಬಸ್ ನಿಲ್ದಾಣದಿಂದ ಅವರನ್ನು ಮದುಕ್ಕರೈ ಬಸ್ಸು ಹತ್ತಿಸಿದೆ. ಅಲ್ಲಿ ಇಳಿದು, ಸೆಲ್ವರಾಜ್ ಎಲ್ಲಿದ್ದಾರೆಂದು ನಾನೇ ವಿಚಾರಿಸಿದೆ.

ಸೆಲ್ವರಾಜ್ ತಮ್ಮ ಪೆಟ್ಟಿಗೆ ಅಂಗಡಿಯಲ್ಲಿ ಊರುಗೋಲು ಒರಗಿಸಿ ಕುಳಿತಿದ್ದರು. ರಂಗಸಾಮಿ ಬೀದಿಯಲ್ಲೇ ನಿಂತುಬಿಟ್ಟರು. ಸೆಲ್ವರಾಜ್ ಕಣ್ಣು ಕಿರಿದಾಗಿಸಿ ನೋಡಿ, ಗುರುತು ಹಿಡಿದು, ತಮಿಳಿನಲ್ಲಿ ಕೂಗಿದರು: “ಏಂಡಾ, ಇತ್ತನೆ ವರುಷಮಾ ವರಲೆ?” ಯಾಕೋ, ಇಷ್ಟು ವರ್ಷ ಬರಲಿಲ್ಲ ಎಂದು. ಕಾಲಿನ ಮಾತೇ ಎತ್ತಲಿಲ್ಲ. ರಂಗಸಾಮಿ ಗೆಳೆಯನ ಎರಡೂ ಕೈ ಹಿಡಿದು, ಅಂಗಡಿಯ ಮೆಟ್ಟಿಲ ಮೇಲೆ ಕುಳಿತು ಅತ್ತರು.

ಲ್ಯಾಪ್‌ಟಾಪ್ ತೆರೆಯುವ ಹೊತ್ತಿಗೆ ಎರಡು ಸುತ್ತು ಟೀ ಆಗಿತ್ತು. ಆಟದಲ್ಲಿ ಸೆಲ್ವರಾಜ್ ಗೆದ್ದರು.

ಆವರೆಗೆ ನನಗೆ ಟ್ಯಾಂಕ್ ಎಂದರೆ ನಾಲ್ಕು, ಎಂಟು ಎಂಬ ಅಂಕಿಗಳು. ಈಗ ಯಾವ ನಿಯಮ ಬರೆಯುವಾಗಲೂ ಮೊದಲು ಕೇಳಿಕೊಳ್ಳುತ್ತೇನೆ: ಇದರೊಳಗೆ ಯಾರಿದ್ದಾರೆ?