ನಡುವೆ ಕೂತ ಮುನಿರಾಮಯ್ಯ

ಕೊಡಿಗೇಹಳ್ಳಿಯ ಮುನಿರಾಮಯ್ಯ ತನ್ನ ನೆರಳನ್ನೂ ನಂಬದ ಆಸಾಮಿ. ಸುಮ್ಮಸುಮ್ಮನೆ ಬಂದ ಗುಣವೇನಲ್ಲ ಅದು. ಆರ್.ಟಿ. ನಗರದಲ್ಲಿ ಬಾಡಿಗೆ ಮನೆ ಹಿಡಿದು ಕಂಪ್ಯೂಟರ್ ಕಂಪನಿ ತೆರೆದ ವರ್ಷವೇ, ಪಾಲುದಾರನೊಬ್ಬ ಇಡೀ ಪ್ರೋಗ್ರಾಮನ್ನು ಫ್ಲಾಪಿಗೆ ಇಳಿಸಿಕೊಂಡು ಕೈಕೊಟ್ಟಿದ್ದ. ಅಂದಿನಿಂದ ಯಾರಾದರೂ ಇಬ್ಬರು ಪಿಸುಗುಟ್ಟಿದರೆ ಸಾಕು, ಈತ ಕಿವಿ ನಿಮಿರಿಸಿಕೊಂಡು ಅತ್ತ ನಡೆಯುತ್ತಿದ್ದ.

೧೯೮೭ರಲ್ಲಿ ಯಶವಂತಪುರದ ಒಂದು ನರ್ಸಿಂಗ್ ಹೋಮಿನಿಂದ, ರೋಗಿಗಳ ಮತ್ತು ಔಷಧದ ಲೆಕ್ಕ ಇಡುವ ಪ್ರೋಗ್ರಾಮ್ ಬರೆದುಕೊಡುವ ಕೆಲಸ ಬಂತು. ಅದು ಕೈತಪ್ಪಿದರೆ ಕಂಪನಿಗೆ ಬೀಗ ಹಾಕುವುದೊಂದೇ ಬಾಕಿ. ಪ್ರೋಗ್ರಾಮ್ ಬರೆಯುವವರು ಇಬ್ಬರೇ, ಸುಗ್ರಾ ಮತ್ತು ಮನ್ಸೂರ್. ಸುಗ್ರಾಳನ್ನು ಮುಂದಿನ ಕೋಣೆಯಲ್ಲಿ ಕೂರಿಸಿ ವಾರ್ಡಿನ ಭಾಗ ಬರೆಯಲು ಹೇಳಿದ. ಮನ್ಸೂರನಿಗೆ ಹಿಂದಿನ ಕೋಣೆ, ಔಷಧದ ಭಾಗ. ನಡುವಿನ ಬಾಗಿಲಿಗೆ ಚಿಲಕ. ಟೀ ಕುಡಿಯುವ ಹೊತ್ತೂ ಬೇರೆ ಬೇರೆ.

"ಪೂರ್ತಿ ಗೊತ್ತಾದ್ರೆ ಹಾರ್ಬಿಡ್ತಾರೆ ಕಣೇ. ಅರ್ಧ ಪ್ರೋಗ್ರಾಮ್ ಕದ್ದು ಏನ್ ಮಾಡ್ತಾರೆ?" ಎಂದು ಹೆಂಡತಿ ವರಲಕ್ಷ್ಮಮ್ಮನ ಮುಂದೆ ಬೀಗಿದ.

"ಅರ್ಧ ಇಟ್ಕೊಂಡು ಆಸ್ಪತ್ರೆಯವ್ರು ಏನ್ ಮಾಡ್ತಾರೆ?" ಎಂದಳು ಆಕೆ.

ಇವಳಿಗೇನು ಗೊತ್ತು ಎಂದು ಮುನಿರಾಮಯ್ಯ ಎದ್ದುಹೋದ.

ಪ್ರೋಗ್ರಾಮನ್ನು ಪರೀಕ್ಷಿಸುವ ದಿನ ನರ್ಸಿಂಗ್ ಹೋಮಿನ ಒಡತಿ ಡಾಕ್ಟರ್ ಫಖ್ರುನ್ನೀಸಾ ಅವರ ಎದುರೇ ಮಾನ ಹೋಯಿತು. ವಾರ್ಡಿನ ಭಾಗ ರೋಗಿಯನ್ನು ಹಾಸಿಗೆ ನಂಬರಿನಿಂದ ಗುರುತಿಸುತ್ತಿತ್ತು, ಔಷಧದ ಭಾಗ ಡಾಕ್ಟರು ಬರೆದ ಚೀಟಿಯ ನಂಬರಿನಿಂದ. ಜ್ವರಕ್ಕೆ ಮಾತ್ರೆ ಕೇಳಿದರೆ ಅಂಥ ರೋಗಿಯೇ ಇಲ್ಲ ಎಂದಿತು ಕಂಪ್ಯೂಟರು. ಆ ಪುಣ್ಯಾತ್ಮ ಅಲ್ಲೇ ಪಕ್ಕದಲ್ಲಿ ಮಲಗಿ ನರಳುತ್ತಿದ್ದ.

"ಇದನ್ನ ಬರೆದವ್ರು ಒಬ್ರಿಗೊಬ್ರು ಮಾತಾಡಲ್ವೇನ್ರೀ? ಇನ್ನೊಂದೇ ಒಂದ್ ಸಲ ನೋಡ್ತೀನಿ," ಎಂದರು ಡಾಕ್ಟರ್.

ಬೇರೆ ದಾರಿಯಿಲ್ಲದೆ ಮುನಿರಾಮಯ್ಯ ಇಬ್ಬರನ್ನೂ ಒಂದೇ ಕೋಣೆಗೆ ತಂದ. ಸಂಜೆಯೊಳಗೆ ರೋಗಿಗೆ ಒಂದೇ ನಂಬರಾಯಿತು. ಆದರೆ ಕೆಲಸದ ನಡುವೆ ಅವರು ಏನೋ ಹೇಳಿಕೊಂಡು ನಕ್ಕರು. ಅಷ್ಟೇ, ಮಾರನೆಯ ದಿನ ಇಬ್ಬರ ನಡುವೆ ಕುರ್ಚಿ ಹಾಕಿಕೊಂಡು ಕೂತುಬಿಟ್ಟ. ಸುಗ್ರಾ ಏನು ಕೇಳುವುದಿದ್ದರೂ ಮೊದಲು ಈತನಿಗೆ ಹೇಳಬೇಕು. ಈತ ತಲೆಯಾಡಿಸಿದ ಮೇಲೆ ಮನ್ಸೂರನಿಗೆ. ಕಂಪ್ಯೂಟರಿನ ಗಂಧಗಾಳಿಯೂ ಇಲ್ಲದವನ ತಲೆಯಾಡಿಕೆಗೆ ಅವರಿಬ್ಬರು ಕಾಯಬೇಕು, ಕರ್ಮ.

ಪ್ರೋಗ್ರಾಮ್ ಮುಗಿಯಿತು, ನರ್ಸಿಂಗ್ ಹೋಮಿಗೂ ಹೋಯಿತು. ಕೆಲವೇ ದಿನಗಳಲ್ಲಿ ಡಾಕ್ಟರ್ ಮುನಿರಾಮಯ್ಯನನ್ನು ಕರೆಸಿ ಫ್ಲಾಪಿಗಳನ್ನು ಮುಂದಿಟ್ಟರು.

"ವಾರ್ಡಿಂದ ಏನ್ ಕಳಿಸಿದ್ರೂ ಅರ್ಧದಲ್ಲಿ ನಿಂತ್ಕೊಂಡು, ಮೇಲಿನವರ ಒಪ್ಪಿಗೆ ಇದ್ಯಾ ಅಂತ ಕೇಳುತ್ತೆ. ನಾನು ಆಪರೇಷನ್ನಲ್ಲಿದ್ರೆ ರೋಗಿ ಮಾತ್ರೆಗೆ ಕಾಯ್ಬೇಕಾ? ಬೇಡ, ತಗೊಂಡ್ಹೋಗಿ."

ಬಸ್ಸಿನಲ್ಲಿ ದಾರಿಯುದ್ದಕ್ಕೂ ಮುನಿರಾಮಯ್ಯ ಹಲ್ಲು ಕಡಿದ. ಇಬ್ಬರೂ ಸೇರಿ ಬೇಕೆಂದೇ ಬತ್ತಿ ಇಟ್ಟಿದ್ದಾರೆ, ಇನ್ನೇನು ಅನುಮಾನ? ಆಫೀಸಿಗೆ ಕಾಲಿಡುತ್ತಲೇ ಸುಗ್ರಾಳನ್ನು ತರಾಟೆಗೆ ತೆಗೆದುಕೊಂಡ.

"ಆ ಒಪ್ಪಿಗೆ ಕೇಳೋದನ್ನ ಯಾರಮ್ಮ ಬರ್ದಿದ್ದು? ನೀನಾ, ಅವ್ನಾ?"

"ನಾವು ಕೆಲಸ ಮಾಡಿದ್ದೇ ಹಂಗಲ್ವಾ ಸರ್," ಎಂದಳು ಸುಗ್ರಾ. "ಪ್ರೋಗ್ರಾಮೂ ಹಂಗೇ ಬಂತು."

ಮುನಿರಾಮಯ್ಯ ಇಬ್ಬರ ನಡುವಿದ್ದ ತನ್ನ ಕುರ್ಚಿಯತ್ತ ನೋಡಿದ. ಆ ಕುರ್ಚಿಯನ್ನು ಅಲ್ಲಿಂದ ಎತ್ತಿಬಿಡಬೇಕು ಅನ್ನಿಸಿತು. ಎತ್ತಿದರೆ ಇವರಿಬ್ಬರೂ ಮತ್ತೆ ಮಾತಾಡಿಕೊಳ್ಳುತ್ತಾರಲ್ಲ ಎಂದು ದಿಗಿಲಾಗಿ, ಹೋಗಿ ಅದರ ಮೇಲೇ ಕೂತ.