ಯಾರ್ಮಿಲಾಳ ಡ್ರೈವರ್ ಸೇರಿದ ಶಾಖೆ

ಚೆಕ್ ದೇಶದ ಬ್ರನೋ ಊರಿನ ನೀರಿನ ಕಚೇರಿಗೆ ಯಾರು ಫೋನು ಮಾಡಿದರೂ ಮೊದಲು ಕೇಳಿಸುತ್ತಿದ್ದುದು ಯಾರ್ಮಿಲಾಳ ದನಿ. ಹುಟ್ಟುಗುರುಡಿ, ಬೆರಳೇ ಅವಳಿಗೆ ಕಣ್ಣು. ನನ್ನ ಹಾಗೆ ಅವಳೂ ಯಾವ ಗುರುವಿನ ಕಾಲಿಗೂ ಬೀಳದೆ ಪ್ರೋಗ್ರಾಮ್ ಬರೆಯಲು ಕಲಿತವಳು. ಅದಕ್ಕೇ ನನಗೆ ಅವಳ ಮೇಲೆ ಒಂದು ತೂಕ ಹೆಚ್ಚು ಅಭಿಮಾನ.

ಕಂಪ್ಯೂಟರಿನ ಅಕ್ಷರಗಳನ್ನು ಬೆರಳಿಗೆ ತಾಗುವ ಚುಕ್ಕಿಗಳಾಗಿ ಎಬ್ಬಿಸುವ ಅವಳ ಹಳೆಯ ಬ್ರೈಲ್ ಹಲಗೆ ಕೆಟ್ಟಾಗ ಕಚೇರಿಯವರು ಹೊಸದು ತಂದರು. ಅದನ್ನು ಕಂಪ್ಯೂಟರಿಗೆ ಒಗ್ಗಿಸುವ ಪ್ರೋಗ್ರಾಮ್, ಅಂದರೆ ಡ್ರೈವರ್, ಎಲ್ಲೂ ಇರಲಿಲ್ಲ. ಯಾರ್ಮಿಲಾ ತಾನೇ ಬರೆದಳು. ಆದರೆ ಕಚೇರಿಯ ಕಂಪ್ಯೂಟರುಗಳಿಗೆ ಇಳಿಯುತ್ತಿದ್ದುದು ನಮ್ಮ ತಂತ್ರಾಂಶ ಸಂಘದ ಸ್ಥಿರ ಶಾಖೆಯ, ಅಂದರೆ ಪರೀಕ್ಷೆ ಮುಗಿದು ಜನರ ಬಳಕೆಗೆ ಬಿಟ್ಟ ಆವೃತ್ತಿಯ, ಸರಕು ಮಾತ್ರ. ವಸಂತದೊಳಗೆ ಹಲಗೆ ನಡೆಯದಿದ್ದರೆ ಅವಳ ಜಾಗದಲ್ಲಿ ಮುದ್ರಿಸಿಟ್ಟ ದನಿ ಕೂರುತ್ತದೆ ಎಂದು ಮೇಲಿನವರು ಹೇಳಿದ್ದರು.

ಸಂಘವೆಂದರೆ ತಂತ್ರಾಂಶ ಕಟ್ಟಿ ಹಂಚುವ, ಬುಧವಾರ ಬಿಯರ್ ಅಂಗಡಿಯಲ್ಲಿ ಸೇರುವ ಏಳೆಂಟು ಮಂದಿ. ಶಾಖೆಗಳ ಕೀಲಿ ರಾದಿಮ್ ಕುಬೇಶನ ಕೈಯಲ್ಲಿ. ಹೊಸ ಸರಕು ಪ್ರಯೋಗದ ಶಾಖೆಗೆ, ದುರಸ್ತಿ ಮಾತ್ರ ಸ್ಥಿರ ಶಾಖೆಗೆ ಎಂಬುದು ಅವನ ವೇದ. ಪ್ರಯೋಗದ್ದು ಹಣ್ಣಾಗಿ ಜನರ ಕೈಗೆ ಬರಲು ಎರಡು ವರ್ಷ ಬೇಕು. ತನ್ನ ಡ್ರೈವರ್ ಆ ಹಲಗೆ ಇಲ್ಲದ ಕಡೆ ಎಚ್ಚರಗೊಳ್ಳುವುದೇ ಇಲ್ಲ, ಯಾರಿಗೂ ಕೇಡಿಲ್ಲ ಎಂದು ಯಾರ್ಮಿಲಾ ಬಿಡಿಸಿ ಹೇಳಿದಳು. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು.

"ನಿಂಗೊಬ್ಬಳಿಗೆ ಬಾಗ್ಲು ತೆಗೆದ್ರೆ ನಾಳೆ ಊರೇ ನುಗ್ಗುತ್ತೆ ಕಣಮ್ಮ," ಅಂದ ರಾದಿಮ್. "ಕೈ ಎತ್ರಪ್ಪ."

ನಮ್ಮಲ್ಲಿ ಮತವೆಂದರೆ ಮಾತಿಲ್ಲದೆ ಕೈ ಎತ್ತುವುದು. ಸ್ಥಿರ ಶಾಖೆಗೆ ಎದ್ದದ್ದು ನನ್ನ ಕೈಯೊಂದೇ.

"ಯಾರ್ಯಾರು ನನ್ ಕಡೆ? ಬಾಯ್ಬಿಟ್ಟು ಹೇಳಿ," ಅಂದಳು ಯಾರ್ಮಿಲಾ.

"ನಾನಿದೀನಿ ಮಗಳೇ," ಅಂದೆ.

"ಇನ್ಯಾರು ತಾತ?"

 ಒಬ್ಬ ಹುಳಿಯಲ್ಲಿ ನೆನೆಸಿದ ಸಾಸೇಜು ಅಗಿಯುತ್ತಿದ್ದ ಸದ್ದಷ್ಟೇ ಕೇಳುತ್ತಿತ್ತು. ಡ್ರೈವರ್ ಪ್ರಯೋಗದ ಶಾಖೆಗೆ ಹೋಯಿತು.

ವಸಂತದಲ್ಲಿ ಅವಳ ಕೆಲಸ ಹೋಯಿತು. ಹಲಗೆ ಕಚೇರಿಯ ಸ್ವತ್ತು, ಅದನ್ನೂ ಕಿತ್ತುಕೊಂಡರು.

ಎರಡು ವರ್ಷ ಕಳೆಯಿತು. ಪ್ರಯೋಗದ ಶಾಖೆ ಹೊಸ ಆವೃತ್ತಿಯಾಗಿ ಹೊರಡುವ ಮುನ್ನ ಪ್ರತಿ ಡ್ರೈವರನ್ನೂ ಯಾರಾದರೂ ನಿಜವಾದ ಸಾಧನದ ಮೇಲೆ ಓಡಿಸಿ ಸಾಕ್ಷಿ ಹೇಳಬೇಕು. ಸಾಕ್ಷಿಯಿಲ್ಲದ್ದನ್ನು ತೆಗೆದುಹಾಕುವುದು ಸಂಘದ ಕಟ್ಟಳೆ. ಬುಧವಾರ ಬಿಯರ್ ಅಂಗಡಿಯಲ್ಲಿ ರಾದಿಮ್ ಲ್ಯಾಪ್‌ಟಾಪ್ ತೆರೆದು ಸಾಕ್ಷಿಗೆ ಯಾರ್ಮಿಲಾಳನ್ನೇ ಕೇಳಿದ.

"ಹಲಗೆ ಎಲ್ಲಿದೆ ನನ್ ಹತ್ರ? ಕೆಲ್ಸದ ಜೊತೇಲೇ ಹೋಯ್ತಲ್ಲ."

"ಹಾಗಾದ್ರೆ ಬಳಸೋರಿಲ್ಲ ಅಂತ ಬರ್ಕೋತೀನಿ. ಬೇಜಾರು ಬೇಡ, ನೀನು ಬರ್ದಿದ್ದೇನೋ ಅಚ್ಚುಕಟ್ಟಾಗೇ ಇತ್ತು."

ಡ್ರೈವರನ್ನು ಅವಳ ಎದುರಿಗೇ ಅಳಿಸಿದ. ಗುಂಡಿ ಒತ್ತಿದ ಸದ್ದು ಅವಳಿಗೆ ಕೇಳಿಸಿತು. ಕೋಲು ತಡಕಿ ಎದ್ದಳು. ದಾರಿಗಡ್ಡವಾಗಿದ್ದ ಕುರ್ಚಿಯನ್ನು ಸರಿಸಲು ನಾನು ಏಳುವಷ್ಟರಲ್ಲಿ ಎಡವಿ ಮೇಜಿನ ಮೇಲೆ ಬಿದ್ದಳು. ರಾದಿಮ್ ತನ್ನ ಲೋಟ ಚೆಲ್ಲದಂತೆ ಎತ್ತಿ ಹಿಡಿದ.