ಮೇಷ್ಟ್ರು ಮಾಡಿದ ಉಳಿಯ ಹಿಡಿ

ಐವತ್ತರ ದಶಕದ ಹುಣಸೂರು. ಪಕ್ಕದ ಮನೆಯ ಜಗುಲಿಯ ಮೇಲೆ ನಿವೃತ್ತ ಡ್ರಾಯಿಂಗ್ ಮೇಷ್ಟ್ರು, ಅವರ ಹೆಂಡತಿ, ಹೆರಿಗೆಗೆಂದು ತವರಿಗೆ ಬಂದಿದ್ದ ಮಗಳು, ಮತ್ತೆ ನಾನು. ಕಾಲಲ್ಲಿ ತುಳಿದು ಮರ ಕಡೆಯುವ ಪುಟ್ಟ ಲೇತು ಮೇಷ್ಟ್ರ ಖಯಾಲಿ. ಅದಕ್ಕೆ ಬೇಕಾದ ಸಣ್ಣಪುಟ್ಟ ಸಲಕರಣೆಯನ್ನೆಲ್ಲ ತಾವೇ ಮಾಡಿಕೊಳ್ಳುತ್ತಿದ್ದರು. ಅರದಿಂದ ಉಜ್ಜಿ, ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿ, "ಇನ್ನೊಂದು ಕೂದಲೆಳೆ ಕಣಯ್ಯ" ಅಂತ ಮತ್ತೆ ಉಜ್ಜುವರು.

ಆ ವರ್ಷ ಅವರ ಬಲಗೈ ನಡುಗಲು ಶುರುವಾಗಿತ್ತು. ಮೊಮ್ಮಗುವಿನ ತೊಟ್ಟಿಲ ಕಾಲುಗಳನ್ನು ತಾವೇ ಕಡೆಯಬೇಕೆಂಬುದು ಅವರ ಆಸೆ. ಅದಕ್ಕೇ ಗಾಡಿ ಚಕ್ರದ ಹಳೆಯ ಪಟ್ಟಿಯಿಂದ, ಉಳಿಯನ್ನು ಕಚ್ಚಿ ಹಿಡಿಯುವ ಒಂದು ಹಿಡಿ ಮಾಡಿ ಲೇತಿಗೆ ಬಿಗಿದರು. ಕೈ ಎಷ್ಟು ನಡುಗಿದರೂ ಅದರಲ್ಲಿ ಉಳಿ ಅಲುಗುತ್ತಿರಲಿಲ್ಲ. ಸೌದೆ ತುಂಡೊಂದನ್ನು ಕಡೆದು ತೋರಿಸಿದರು. ನುಣ್ಣಗಿತ್ತು.

"ಇನ್ನೇನು ಮೇಷ್ಟ್ರೇ, ಇವತ್ತೇ ತೊಟ್ಟಿಲಿಗೆ ಕೈ ಹಾಕಿ" ಅಂದೆ.

"ಮಗು ಹುಟ್ಟೋಕ್ ಮುಂಚೆ ತೊಟ್ಟಿಲು ಮಾಡಬಾರ್ದು ಕಣಪ್ಪ, ನಮ್ಮ ಕಡೆ ಯಾರೂ ಮಾಡಲ್ಲ" ಅಂತ ಅವರ ಹೆಂಡತಿ ತಡೆದರು.

"ನಿಮ್ಮಮ್ಮ ನನ್ನ ಕೈಗಿಂತ ಹೆಚ್ಚು ನಡುಗ್ತಾಳೆ ನೋಡು" ಎಂದು ಮೇಷ್ಟ್ರು ಮಗಳನ್ನು ನಗಿಸಿದರು. ಆದರೆ ತೊಟ್ಟಿಲಿಗೆಂದು ತಂದಿಟ್ಟಿದ್ದ ಮರವನ್ನು ಮುಟ್ಟಲಿಲ್ಲ.

ಮಗಳಿಗೆ ದಿನ ತುಂಬುವ ಮೊದಲೇ ಅವರು ತೀರಿಕೊಂಡರು.

ಹೆಣ್ಣು ಮಗು ಹುಟ್ಟಿತು. ತೊಟ್ಟಿಲು ಮಾಡಲು ಪಿರಿಯಾಪಟ್ಟಣದಿಂದ ಒಬ್ಬ ಬಡಗಿಯನ್ನು ಕರೆಸಿದರು. ಪ್ರಾಯದವನು. ಲೇತಿನ ಮುಂದೆ ನಿಂತು, "ಇದೇನಮ್ಮ, ಕೈಗೆ ಅಡ್ಡ ಬತ್ತದೆ" ಅನ್ನುತ್ತ ಆ ಹಿಡಿಯನ್ನು ಬಿಚ್ಚಿ ಪಕ್ಕಕ್ಕಿಟ್ಟ. ಮಧ್ಯಾಹ್ನದೊಳಗೆ ನಾಲ್ಕು ಕಾಲನ್ನೂ ಕಡೆದು ಮುಗಿಸಿದ.